ಕಾಲುವೆಯಲ್ಲಿ ಮುಳುಗಿದ ಕಚೇರಿ

ನಮ್ಮ ಕಾಲುವೆ ಕಚೇರಿಗೆ ಕಂಪ್ಯೂಟರ್ ಬಂದದ್ದು ಎರಡು ಸಾವಿರದ ಐದರಲ್ಲಿ. ಬಂದ ದಿನವೇ ಕುಂಕುಮ ಹಚ್ಚಿ, ಕಾಯಿ ಒಡೆದು, ಮೇಲೊಂದು ಹೂವಿನ ಬಟ್ಟೆ ಹೊದಿಸಿ ಕೂರಿಸಿದೆವು. ಆಮೇಲೆ ಎರಡು ವರ್ಷ ಯಾರೂ ಅದರ ತಂಟೆಗೆ ಹೋಗಲಿಲ್ಲ. ಹಿರಿಯ ಗುಮಾಸ್ತನಾದ ನಾನು, ಚನ್ನಯ್ಯ, ವರ್ಷಕ್ಕೊಮ್ಮೆ ಆಯುಧಪೂಜೆಗೆ ಆ ಬಟ್ಟೆ ಒಗೆಸುತ್ತಿದ್ದೆ. ನನಗೂ ಕಂಪ್ಯೂಟರಿಗೂ ಇದ್ದ ಸಂಬಂಧ ಅಷ್ಟೇ.

ಆ ಬಟ್ಟೆ ಸರಿಸಿದವಳು ದೋರನಹಳ್ಳಿಯ ಸುಂದ್ರಮ್ಮ. ಅವಳ ಗಂಡ ತಾಯಪ್ಪ ನಮ್ಮ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದ. ಒಂದು ಸಂಜೆ ಗೇಟಿನ ಬುಡದಲ್ಲೇ ಹಾವು ಕಚ್ಚಿ ತೀರಿಕೊಂಡ. ಅನುಕಂಪದ ಮೇಲೆ ಹೆಂಡತಿಗೆ ನೌಕರಿ ಸಿಕ್ಕಿತು. ಅನುಕಂಪವೆನ್ನುವುದು ಆದೇಶದ ಹಾಳೆಯಲ್ಲಿ ಮಾತ್ರ ಇತ್ತು. ಪಿಯುಸಿ ಓದಿದ ಹೆಂಗಸಿಗೆ ನಾವು ಕೊಟ್ಟ ಮೊದಲ ಕೆಲಸ ಚಹಾದ ಕಪ್ಪು ತೊಳೆಯುವುದು, ಎರಡನೆಯದು ಕಂಪ್ಯೂಟರಿನ ಧೂಳು ಹೊಡೆಯುವುದು. ಧೂಳು ಹೊಡೆಯುತ್ತ ಹೊಡೆಯುತ್ತ ಅವಳು ಅದನ್ನು ಚಾಲೂ ಮಾಡಿಬಿಟ್ಟಳು.

ಅದರಲ್ಲಿ ಕನ್ನಡ ಬರೆಯಲು ಬರುತ್ತಿರಲಿಲ್ಲ, ಇಂಟರ್‌ನೆಟ್ ಇರಲಿಲ್ಲ. ಯಾರನ್ನೂ ಕೇಳದೆ ತೆರೆದುಕೊಳ್ಳುತ್ತಿದ್ದದ್ದು ಪೇಂಟ್ ಎಂಬ ಚಿತ್ರ ಬಿಡಿಸುವ ಆಟ ಒಂದೇ. ಮೌಸು ಹಿಡಿದು ಎಳೆದ ಗೆರೆ ನೆಟ್ಟಗೆ ಬರುವುದಿಲ್ಲ, ದುಂಡು ಮಾಡಹೋದರೆ ಮೂಲೆ ಮೂಡುತ್ತದೆ, ಮನುಷ್ಯನನ್ನು ಬಿಡಿಸಿದರೆ ಪ್ರಾಣಿಯಾಗುತ್ತದೆ. ಸುಂದ್ರಮ್ಮ ಇದನ್ನು ಕಷ್ಟವೆಂದು ತಿಳಿಯಲಿಲ್ಲ, ಅನುಕೂಲವೆಂದು ತಿಳಿದಳು. ನಮ್ಮ ಇಂಜಿನಿಯರ್ ಮಹಾದೇವಪ್ಪ ಸಾಹೇಬರು ಕನ್ನಡಕ ಹಾಕಿದ ಕೋಣವಾದರು. ಟೈಪಿಸ್ಟ್ ಖುರ್ಷೀದಬೇಗಂ ಫೈಲಿನ ಮೇಲೆ ಕಾವಿಗೆ ಕೂತ ಕೋಳಿಯಾದಳು. ನಾನು ಸಾಹೇಬರ ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸುವ ಓತಿಕ್ಯಾತನಾದೆ, ಅದೂ ಗುಲಾಬಿ ಬಣ್ಣದ್ದು.

ಮಧ್ಯಾಹ್ನದ ಚಹಾದ ಹೊತ್ತಿಗೆ ನಾವು ಏಳು ಜನ ಅದರ ಮುಂದೆ ನೆರೆಯುತ್ತಿದ್ದೆವು. ಕೋಣ ಮತ್ತು ಕೋಳಿ ಥೇಟ್ ಬಂದಿವೆ ಎಂದು ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಓತಿಕ್ಯಾತ ಮಾತ್ರ ಸರಿ ಬಂದಿಲ್ಲ, ಕುತ್ತಿಗೆ ಉದ್ದವಾಗಿದೆ ಎಂದು ತಿದ್ದುಪಡಿ ಸೂಚಿಸುತ್ತಿದ್ದೆ. ಉಳಿದವರ ಅಭಿಪ್ರಾಯವೂ ಹೀಗೇ: ತಮ್ಮದೊಂದು ಬಿಟ್ಟು ಎಲ್ಲರ ಚಿತ್ರವೂ ಚೆನ್ನ. ಸಾಹೇಬರಿಗೆ ಇದು ಗೊತ್ತಿರಲಿಲ್ಲ. ಕರೆಂಟು ಹೊಡೆದೀತೆಂಬ ಭಯದಿಂದ ಅವರು ಆ ಮೇಜಿನ ಹತ್ತಿರ ಸುಳಿಯುತ್ತಿರಲಿಲ್ಲ.

ನಮ್ಮ ಕಚೇರಿಯ ಒಂದು ಪದ್ಧತಿ ಹೇಳಬೇಕು. ಮೇಲ್ಗಡೆ ಗೇಟಿನಲ್ಲಿ ನೀರು ಬಿಟ್ಟ ದಿನವೇ ಕಾಲುವೆಯ ಕೊನೆಯ ಊರಿಗೆ ಎರಡು ಅಡಿ ನೀರು ಮುಟ್ಟಿತೆಂದು ನಾನು ರಜಿಸ್ಟರಿನಲ್ಲಿ ಬರೆಯುತ್ತಿದ್ದೆ. ನನಗಿಂತ ಮೊದಲಿನವರೂ ಹಾಗೇ ಬರೆದಿದ್ದರು. ಮೇಲಿನ ಊರುಗಳವರು ಕಾಲುವೆಗೆ ಪೈಪು ಇಳಿಸಿ, ಜೋಳ ಹತ್ತಿ ಹಾಕಬೇಕಾದ ಹೊಲದಲ್ಲಿ ಭತ್ತ ಬೆಳೆಯುತ್ತಿದ್ದರು. ಆ ಅಕ್ಕಿ ನಮ್ಮ ಮನೆಗಳಲ್ಲೂ ಬೇಯುತ್ತಿತ್ತು. ಹೀಗಾಗಿ ನೀರು ಕಾಲುವೆಗಿಂತ ನಮ್ಮ ರಜಿಸ್ಟರಿನಲ್ಲಿ ಜೋರಾಗಿ ಹರಿಯುತ್ತಿತ್ತು.

ಎರಡು ಸಾವಿರದ ಒಂಬತ್ತರಲ್ಲಿ ಕೊನೆಯ ಊರಿನವರು ಎದ್ದರು. ಶಹಾಪುರದಲ್ಲಿ ಸಭೆ ಗೊತ್ತಾಯಿತು, ಮೇಲಧಿಕಾರಿಗಳು ಬರುವುದಾಯಿತು. ನೀರು ಎಲ್ಲಿಯವರೆಗೆ ಮುಟ್ಟಿದೆ ಎಂದು ತೋರಿಸುವ ಬಣ್ಣದ ನಕ್ಷೆ ಬೇಕಾಯಿತು. ನಕ್ಷೆ ಬರೆಯುವವನ ಹುದ್ದೆ ಆರು ವರ್ಷದಿಂದ ಖಾಲಿ. ಕಂಪ್ಯೂಟರ್ ಬಲ್ಲವಳು ಅವಳೊಬ್ಬಳೇ ಎಂದು ಸಾಹೇಬರು ಸುಂದ್ರಮ್ಮನನ್ನು ಕರೆದು, ಕಾಲುವೆಯನ್ನು ಕೊನೆಯ ಊರಿನ ತನಕ ನೀಲಿ ಮಾಡಲು ಹೇಳಿದರು. ಅವಳ ಎರಡು ವರ್ಷದ ಪ್ರೊಬೇಶನ್ ಮುಗಿದು, ನೌಕರಿ ಕಾಯಂ ಮಾಡುವ ಫೈಲು ತಮ್ಮ ಮೇಜಿನ ಮೇಲೇ ಇದೆಯೆಂದೂ ನೆನಪು ಮಾಡಿದರು. ಸಹಿ ಬಿದ್ದರೆ ಅವಳ ಮತ್ತು ಎರಡು ಹೆಣ್ಣುಮಕ್ಕಳ ಹೊಟ್ಟೆಪಾಡು, ಬೀಳದಿದ್ದರೆ ಮೆಣಸಿನಕಾಯಿ ಬಿಡಿಸುವ ಕೂಲಿ.

ಹಳೆಯ ನಕ್ಷೆಯನ್ನು ಸ್ಕ್ಯಾನ್ ಮಾಡಿಸಿ ತಂದು, ಅವಳು ಪೇಂಟಿನಲ್ಲಿ ಬಣ್ಣ ತುಂಬುವ ಬಕೆಟ್ಟಿನ ಗುರುತು ಒತ್ತಿದಳು. ಕ್ಷಣದಲ್ಲಿ ಕಾಲುವೆ, ಗುಡ್ಡ, ರಸ್ತೆ, ಇಡೀ ತಾಲೂಕು ನೀಲಿಯಾಯಿತು. ಗೆರೆಯಲ್ಲಿ ಸಾಸಿವೆಯಷ್ಟು ಬಿರುಕಿದ್ದರೂ ಬಣ್ಣ ಸೋರುತ್ತದೆಯಂತೆ. ಬಿರುಕು ಹುಡುಕಿ ಮುಚ್ಚಿ, ಹೇಳಿದಷ್ಟನ್ನೇ ನೀಲಿ ಮಾಡಿದಳು. ಆಮೇಲೆ ನನ್ನನ್ನು ಕರೆದಳು.

"ಸರ್ರ, ಇಷ್ಟು ನೀರು ಬಂದಮ್ಯಾಲ ಯಾರಾದ್ರೂ ಈಸಬೇಕಲ್ರಿ."

ಕೊನೆಯ ಊರಿನ ಹತ್ತಿರ, ನೀಲಿಯೊಳಗೆ, ನಮ್ಮೆಲ್ಲರನ್ನೂ ಇಳಿಸಿದಳು. ಕೋಣ ಕುತ್ತಿಗೆಯವರೆಗೆ ಮುಳುಗಿತ್ತು. ಕೋಳಿ ಫೈಲಿನ ಮೇಲೆ ತೇಲುತ್ತಿತ್ತು. ಓತಿಕ್ಯಾತ ತಲೆಯ ಮೇಲೆ ರಜಿಸ್ಟರ್ ಹೊತ್ತು ಗೇಟಿಗೆ ಅಂಟಿಕೊಂಡಿತ್ತು. ಅಳಿಸಿಬಿಡು ಎಂದೆ. ಇರುವೆಯಷ್ಟಿವೆ, ಹಾಳೆಯ ಮೇಲೆ ಯಾರಿಗೂ ಕಾಣುವುದಿಲ್ಲ ಎಂದಳು. ನನಗೂ ನಿಜವೆನ್ನಿಸಿ ಬಿಟ್ಟುಬಿಟ್ಟೆ.

ಆದರೆ ನಮ್ಮ ಭಾಗದಲ್ಲಿ ಆಗ ಫ್ಲೆಕ್ಸಿನ ಹುಚ್ಚು ಹಿಡಿದಿತ್ತು. ಹುಟ್ಟಿದರೂ ಫ್ಲೆಕ್ಸು, ಸತ್ತರೂ ಫ್ಲೆಕ್ಸು. ಸಾಹೇಬರು ಯಾರಿಗೂ ಹೇಳದೆ ನಕ್ಷೆಯನ್ನು ಹನ್ನೆರಡು ಅಡಿಯ ಫ್ಲೆಕ್ಸ್ ಮಾಡಿಸಿ, ಮೂಲೆಯಲ್ಲಿ ತಮ್ಮ ಫೋಟೋ ಹಾಕಿಸಿದ್ದರು. ಸಭೆಯ ದಿನ ಅದನ್ನು ಬಿಚ್ಚಿ ಕಟ್ಟಿದಾಗ ಕೋಣ ಕರುವಿನಷ್ಟು ದೊಡ್ಡದಾಗಿತ್ತು. ಕೋಣದ ಕನ್ನಡಕವೂ ಫೋಟೋದ ಕನ್ನಡಕವೂ ಒಂದೇ ಎಂಬುದು ಕಣ್ಣಿದ್ದವರಿಗೆಲ್ಲ ಕಂಡಿತು. ಜಗಳಕ್ಕೆಂದೇ ಬಂದಿದ್ದ ಜನ ಮೊದಲು ಪಿಸುಗುಟ್ಟಿದರು, ಆಮೇಲೆ ಬಿದ್ದು ಬಿದ್ದು ನಕ್ಕರು. ಕೊನೆಯ ಊರಿನ ಹುಲಗಪ್ಪ ಎದ್ದು ನಿಂತು ಕೈಮುಗಿದ.

"ಸಾಹೇಬ್ರ, ಕೋಣ ಕುತ್ತಿಗಿತನಕ ಮುಳುಗ್ಯಾದ್ರಿ. ಅಷ್ಟು ನೀರು ನಮ್ಮೂರಾಗ ಎಲ್ಲಿ ಅದ, ತೋರಸ್ರಿ. ನಾವೂ ಎಮ್ಮಿ ಹೊಡ್ಕೊಂಡು ಬರ್ತೀವಿ."

ಮೇಲಧಿಕಾರಿಗಳು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಸಭೆ ಅಲ್ಲಿಗೆ ಮುಗಿಯಿತು.

ಮರುದಿನ ವಿಚಾರಣೆ. ಸಾಹೇಬರು ಸಿಟ್ಟಿನಿಂದ ಕುದಿಯುತ್ತಿದ್ದರು. ಆಪಾದನೆ ಬರೆಯುವ ಕೆಲಸ ನನ್ನದು. ಬರೆಯಹೋದರೆ ತೊಡಕು: ಅಧಿಕಾರಿಗೆ ಅವಮಾನವಾಯಿತೆನ್ನಲು, ಆ ಕೋಣ ತಾನೇ ಎಂದು ಅಧಿಕಾರಿ ಬರೆದುಕೊಡಬೇಕು. ಸಾಹೇಬರು ಪೆನ್ನು ಮುಚ್ಚಿಟ್ಟು, ಸಿಬ್ಬಂದಿಯ ಹೇಳಿಕೆ ತೆಗೆದುಕೊಳ್ಳಲು ಹೇಳಿದರು. ತೆಗೆದುಕೊಂಡೆ. ಚಿತ್ರದಲ್ಲಿ ತಮ್ಮನ್ನು ತಾವು ಒಬ್ಬರೂ ಗುರುತಿಸಲಿಲ್ಲ, ಉಳಿದವರನ್ನು ಎಲ್ಲರೂ ಗುರುತಿಸಿದರು. ಕೋಣದ ವಿಷಯದಲ್ಲಿ ಮಾತ್ರ ಇಡೀ ಕಚೇರಿ ಒಮ್ಮತದಿಂದ ಸಾಹೇಬರ ಹೆಸರು ಬರೆದು ಸಹಿ ಮಾಡಿತ್ತು. ನಾನೂ ಮಾಡಿದ್ದೆ. ಹೇಳಿಕೆಗಳನ್ನು ಓದಿ ಸಾಹೇಬರು ತಮ್ಮ ಕೈಯಾರೆ ಹರಿದರು.

ಇನ್ನು ಪ್ರೊಬೇಶನ್ ಫೈಲು. ಸಹಿ ಹಾಕದಿದ್ದರೆ ಕಾರಣ ಬರೆಯಬೇಕು, ಕಾರಣವೆಂದರೆ ಮತ್ತೆ ಕೋಣ. ಹಲ್ಲು ಕಚ್ಚಿ ಸಹಿ ಹಾಕಿದರು. ಆದರೆ ಹಾಕಿದ ಕೈಯಿಂದಲೇ ಅವಳನ್ನು ಕಂಪ್ಯೂಟರಿನಿಂದ ಎಬ್ಬಿಸಿ ಕೊನೆಯ ಊರಿನ ಗೇಟಿಗೆ ವರ್ಗ ಮಾಡಿದರು: ದಿನಾ ಅಲ್ಲಿ ಕೂತು, ಕಾಲುವೆಯಲ್ಲಿ ಎಷ್ಟು ಅಡಿ ನೀರಿದೆ ಎಂದು ಚೀಟಿ ಕಳಿಸಬೇಕು. ಗೇಟಿನ ಬುಡದಲ್ಲಿ ಗಂಡನನ್ನು ಕಳೆದುಕೊಂಡವಳನ್ನು ಗೇಟಿಗೇ ಕಳಿಸುವ ಆ ಆದೇಶ ಬರೆದವನು ನಾನು. ಇವತ್ತಿಗೂ ನನಗೆ ಅದರ ನಾಚಿಕೆ ಇದೆ.

ಆದೇಶ ಓದಿ ಅವಳು ಒಂದೇ ಮಾತು ಕೇಳಿದಳು. "ಕಾಯಂ ಆತಲ್ರಿ ಸರ್ರ? ಇನ್ನ ಯಾರೂ ತಗೀಲಾಕ ಬರಂಗಿಲ್ಲಲ್ರಿ?"

ಬರುವುದಿಲ್ಲ ಎಂದೆ. ಟಿಫಿನ್ ಡಬ್ಬಿ ತಗೊಂಡು, ಕೊನೆಯ ಊರಿನ ಕಡೆ ಹೋಗುವ ಕೆಂಭಾವಿ ಬಸ್ಸು ಹತ್ತಿದಳು.

ಮೊದಲ ಚೀಟಿ ಬಂತು: ಸೊನ್ನೆ. ಸಾಹೇಬರು ನನ್ನ ಮುಖ ನೋಡಿದರು. ನಾನು ರಜಿಸ್ಟರಿನಲ್ಲಿ ಎರಡು ಅಡಿ ಎಂದು ಬರೆದೆ. ನನ್ನ ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು, ಏನು ಮಾಡಲಿ? ಮರುದಿನದ ಚೀಟಿಯಲ್ಲೂ ಸೊನ್ನೆ. ಅದರ ಕೆಳಗೆ ಸುಂದ್ರಮ್ಮನ ಸಹಿ, ಆಮೇಲೆ ಹುಲಗಪ್ಪನ ಹೆಬ್ಬೆಟ್ಟು, ಅದರ ಕೆಳಗೆ ಊರಿನ ಹನ್ನೊಂದು ಜನರ ಹೆಬ್ಬೆಟ್ಟು. ಇದರ ಇನ್ನೊಂದು ಪ್ರತಿ ಯಾದಗಿರಿಯ ದೊಡ್ಡ ಸಾಹೇಬರಿಗೂ ಹೋಗಿದೆ ಎಂದು ಚೀಟಿ ತಂದವನು ತಿಳಿಸಿದ.

ಸಾಹೇಬರು ಈ ಸಲ ನನ್ನ ಮುಖ ನೋಡಲಿಲ್ಲ, ಕಿಟಕಿಯ ಕಡೆ ತಿರುಗಿದರು. ನಾನು ಪೆನ್ನು ಹಿಡಿದು, ಪಕ್ಕದಲ್ಲಿದ್ದ ನಿನ್ನೆಯ ಎರಡಕ್ಕೆ ಅಂಟಿಕೊಳ್ಳದ ಹಾಗೆ ದೂರದಲ್ಲಿ, ದುಂಡಗೆ ಬರೆದೆ. ಇಪ್ಪತ್ತೊಂದು ವರ್ಷದಲ್ಲಿ ಆ ರಜಿಸ್ಟರಿನೊಳಗೆ ನಾನು ಬರೆದ ಮೊದಲ ನಿಜ ಅದು. ಅದೂ ಸೊನ್ನೆ.