ಬಂದೂಕಿಗೆ ಅಗಸಿ ಎಣ್ಣೆ

ನನಗೊಂದು ಚಟವಿದೆ. ಹಳೆಯ ಕಟ್ಟಿಗೆಯ ಸಾಮಾನು ಕಂಡರೆ ಕೈ ತುರಿಸುತ್ತದೆ. ಬೀಗರ ಮನೆಗೆ ಹೋದರೆ ಬೇರೆಯವರು ಬೀಗರ ಮುಖ ನೋಡಿದರೆ ನಾನು ಅವರ ಬಾಗಿಲ ಚೌಕಟ್ಟು ನೋಡುತ್ತೇನೆ. ಮೇಲಿನ ಜಿಡ್ಡು ತಿಕ್ಕಿ ತೆಗೆದರೆ ಒಳಗೆ ಎಂಥ ಬಣ್ಣ ಇದ್ದೀತು ಎಂದು ಯೋಚಿಸುತ್ತ ಕೊಟ್ಟ ಚಹಾ ಆರಿಸಿಬಿಡುತ್ತೇನೆ. ಹಾನಗಲ್ಲ, ಸವಣೂರು, ಹಿರೇಕೆರೂರು ಎಂದು ಊರೂರು ಸುತ್ತಿ ದನದ ದವಾಖಾನೆಗಳಲ್ಲಿ ಕಂಪೌಂಡರಾಗಿ ಔಷಧ ಕಲಸಿದವನು ನಾನು. ನಿವೃತ್ತನಾಗಿ ಶಿಗ್ಗಾಂವಿ ತಾಲೂಕಿನ ನಮ್ಮೂರಿಗೆ ಬಂದು ಕೂತ ಮೇಲೆ ಕಲಸಲು ಔಷಧವಿಲ್ಲ, ಬಿದಿರಿನ ಗೊಟ್ಟ ಹಿಡಿದು ಕುಡಿಸಲು ಎಮ್ಮೆಯಿಲ್ಲ. ಮೊದಲ ವರ್ಷ ಮನೆಯ ಮಣೆಗಳನ್ನೆಲ್ಲ ತಿಕ್ಕಿ ಹೊಳೆಯಿಸಿದೆ. ಎರಡನೆಯ ವರ್ಷ ಅಟ್ಟದ ಮೇಲಿನ ತೊಟ್ಟಿಲು ಇಳಿಸಿ ತಿಕ್ಕಿದೆ. ಅದರಲ್ಲಿ ಮಲಗುವ ವಯಸ್ಸಿನವರು ಮನೆಯಲ್ಲಿ ಯಾರೂ ಇರಲಿಲ್ಲ, ಅದು ಬೇರೆ ಮಾತು. ಮೂರನೆಯ ವರ್ಷ ಕಣ್ಣು ಬಂದೂಕಿನ ಮೇಲೆ ಬಿತ್ತು.

ಈ ಚಟ ಮಗನಿಗೂ ಇಳಿದಿದೆ. ಹೊಲಮನೆ ನೋಡಿಕೊಳ್ಳುವವನು ಅವನೇ. ಟ್ರ್ಯಾಕ್ಟರನ್ನು ವಾರಕ್ಕೆರಡು ಸಲ ಎಷ್ಟು ತಿಕ್ಕಿ ತೊಳೆದಿದ್ದಾನೆಂದರೆ, ಅದರ ಹಣೆಯ ಮೇಲೆ ಬರೆಸಿದ್ದ ಮನೆದೇವರ ಹೆಸರಿನಲ್ಲಿ ಈಗ ಕೊನೆಯ ಎರಡಕ್ಷರ ಮಾತ್ರ ಉಳಿದಿವೆ. ಅವ್ವ ಅದನ್ನು ನೋಡಿದಾಗಲೆಲ್ಲ ಮೊದಲು ಅವನ ಮುಖ ನೋಡಿ ಆಮೇಲೆ ನನ್ನ ಮುಖ ನೋಡುತ್ತಾಳೆ.

ಬಂದೂಕು ಎಂದ ಕೂಡಲೆ ನೀವು ಹೆದರಬೇಕಾಗಿಲ್ಲ. ಅದು ಬೆಳೆ ಕಾಯಲು ಸರಕಾರ ಲೈಸೆನ್ಸು ಕೊಟ್ಟ ಒಂಟಿ ನಳಿಗೆಯ ಬಂದೂಕು. ಗೋವಿನಜೋಳ ಹಾಲುಗಾಳಿಗೆ ಬಂದಾಗ ಹಂದಿಗಳ ಹಿಂಡು ಹೊಲಕ್ಕೆ ನುಗ್ಗಿದರೆ ಅಪ್ಪ ಆಕಾಶಕ್ಕೆ ಹಿಡಿದು ಒಂದು ಸಪ್ಪಳ ಮಾಡುತ್ತಿದ್ದ. ಹಂದಿಗಳು ಅಷ್ಟು ದೂರ ಓಡಿ, ಸ್ವಲ್ಪ ವಿಚಾರ ಮಾಡಿ, ಪಕ್ಕದವರ ಹೊಲಕ್ಕೆ ಹೋಗುತ್ತಿದ್ದವು. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸು ನನ್ನ ಹೆಸರಿಗಾಯಿತು. ನಾನು ಸಪ್ಪಳವನ್ನೂ ಮಾಡಿಲ್ಲ. ಸೂಜಿ ಚುಚ್ಚುವಾಗಲೇ ಎಮ್ಮೆಗಿಂತ ಮೊದಲು ಕಣ್ಣು ಮುಚ್ಚುತ್ತಿದ್ದವನು ನಾನು.

ಆ ಬಂದೂಕಿನ ಕಟ್ಟಿಗೆಯ ಹಿಡಿಯ ಮೇಲೆ, ಭುಜಕ್ಕೆ ಆನಿಸುವ ತುದಿಯ ಹತ್ತಿರ, ಕನ್ನಡ ಅಂಕಿಯಲ್ಲಿ ೧೪ ಎಂದು ಕೊರೆದಿತ್ತು. ನಾನು ಹಿರೇಕೆರೂರಿನಲ್ಲಿ ನೌಕರಿಗಿದ್ದಾಗ ಒಮ್ಮೆ ಊರಿಗೆ ಬಂದರೆ ಆ ನಂಬರು ಅಲ್ಲಿ ಬಂದು ಕೂತಿತ್ತು. ಸರಕಾರ ಏನೋ ಹೊಸ ಕಾಯದೆ ಮಾಡಿರಬೇಕು ಅಂದುಕೊಂಡೆ. ಮಹಾನವಮಿಯ ಆಯುಧಪೂಜೆ, ಅಂದರೆ ನಮ್ಮ ಕಡೆಯ ಖಂಡೆಪೂಜೆಯ ದಿನ ಅವ್ವ ಬಂದೂಕಿಗೆ ವಿಭೂತಿ ಹಚ್ಚಿ, ಆ ಅಂಕಿಯ ಗೀರಿನಲ್ಲಿ ಕುಂಕುಮ ತುಂಬುತ್ತಿದ್ದಳು. ಅಪ್ಪ ಅದನ್ನು ಮುಟ್ಟಲು ಅವ್ವನ ಹೊರತು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. “ಈ ನಂಬರ ಹೋದ್ರ ಬಂದೂಕ ಹೋದಂಗ, ನೆಪ್ಪಿಟ್ಕೊ,” ಎಂದು ನನಗೆ ಒಂದಲ್ಲ ಹತ್ತು ಸಲ ಹೇಳಿದ್ದ. ಅಪ್ಪ ಹತ್ತು ಸಲ ಹೇಳಿದ ಬೇರೆ ಮಾತು ನನಗೆ ನೆನಪಿಲ್ಲ.

ಕೆಲಸಕ್ಕೆ ಇಳಿಯುವ ಮುನ್ನ ನಮ್ಮೂರ ಬಡಿಗ ಮೌನೇಶನನ್ನು ಕೇಳಿದೆ. ಅವನು ಹೇಳಿದ್ದು ಮೂರೇ ಮಾತು. ನಯವಾದ ಉಸುಕುಕಾಗದದಿಂದ ಕಟ್ಟಿಗೆಯ ಎಳೆಯ ಗುಂಟ ತಿಕ್ಕಬೇಕು, ಎಲೆಯಡಿಕೆಯ ಕಾಚು ನೆನೆಸಿದ ನೀರಿನಿಂದ ಬಣ್ಣ ಕೊಡಬೇಕು, ಒಣಗಿದ ಮೇಲೆ ಅಗಸಿ ಎಣ್ಣೆ ಉಣಿಸಬೇಕು. ಎಣ್ಣೆ ಮಾತ್ರ ದಿನಕ್ಕೆ ನಾಲ್ಕೇ ಹನಿ, ಅಂಗೈಯಿಂದ ಬಿಸಿಯಾಗುವ ತನಕ ತಿಕ್ಕಿ, ಎಂದು ಬೆರಳು ಮಾಡಿ ಹೇಳಿದ. ಇಷ್ಟೇನಾ ಎಂದು ನನಗೆ ಬೇಸರವಾಯಿತು. ನಾನು ಫೋನಿನಲ್ಲಿ ನೋಡಿದ್ದ ವಿಡಿಯೊದಲ್ಲಿ ಒಬ್ಬ ಗಡ್ಡದ ಬಿಳಿಯ ಮನುಷ್ಯ ಬಂದೂಕಿನ ಹಿಡಿಗೆ ಹಚ್ಚುವ ಗುಪ್ತವಿದ್ಯೆಯೆಂದು ಬಹಳ ಹೊತ್ತು ಬಿಗುಮಾನ ಮಾಡಿ, ಕೊನೆಗೆ ಒಂದು ಪುಟ್ಟ ಶೀಶೆ ತೋರಿಸಿದ್ದ. ಅದರಲ್ಲೂ ಅಗಸಿ ಎಣ್ಣೆಯೇ ಇತ್ತು. ನಾವು ಹುಟ್ಟಿದಾಗಿನಿಂದ ರೊಟ್ಟಿಯ ಮೇಲೆ ಅಗಸಿ ಹಿಂಡಿ ಹಾಕಿಕೊಂಡು ತಿನ್ನುವವರು. ನಮ್ಮ ಹೊಟ್ಟೆಯ ಒಳಮೈ ಎಷ್ಟು ಪಾಲಿಶ್ ಆಗಿದ್ದೀತು ಎಂದು ಆವತ್ತು ಅನಿಸಿತು.

ವಿಚಾರ ಮಾಡಿದರೆ ನಮ್ಮ ಹಿರಿಯರು ಪಾಲಿಶ್ ಎಂದು ಬೇರೆಯಾಗಿ ಕೂತು ಮಾಡಿದವರಲ್ಲ. ನೇಗಿಲ ಮೇಳಿ ಅಂಗೈ ತಾಗಿ ಹೊಳೆಯುತ್ತಿತ್ತು, ನೊಗ ಎತ್ತಿನ ಹೆಗಲು ತಾಗಿ ನುಣುಪಾಗುತ್ತಿತ್ತು, ಹೊಸ್ತಿಲು ಓಡಾಡಿದವರ ಕಾಲಿನಿಂದ ನಡುವೆ ಸವೆಯುತ್ತಿತ್ತು. ಬಂದೂಕಿನ ಹಿಡಿಯ ಮೇಲಿದ್ದ ಕಪ್ಪು ಜಿಡ್ಡೂ ಅಂಥದೇ. ಅದರಲ್ಲಿ ಅರ್ಧ ಅಪ್ಪನ ಬೆವರು. ಈ ಜ್ಞಾನ ನನಗೆ ಬಂದದ್ದು ಅದನ್ನು ತಿಕ್ಕಿ ತೆಗೆದ ಮೇಲೆ.

ಇರಲಿ. ನಳಿಗೆಯನ್ನು ಕೀಲಿನಲ್ಲಿ ಬಾಗಿಸಿ ಒಳಗೆ ತೋಟೆ ಇಲ್ಲವೆಂದು ಮೂರು ಸಲ ನೋಡಿದೆ. ಆಮೇಲೆ ನಳಿಗೆಯನ್ನೇ ಬಿಚ್ಚಿ ಬೇರೆ ಇಟ್ಟು, ಪಡಸಾಲೆಯಲ್ಲಿ ಚಾಪೆ ಹಾಸಿ ಕೂತೆ. ನಂಬರಿನ ಸುತ್ತ ಬೆರಳಗಲ ಜಾಗ ಬಿಟ್ಟು ಉಳಿದದ್ದೆಲ್ಲ ತಿಕ್ಕಿದೆ. ಹಿಡಿಯ ಅಡಿಯಲ್ಲಿ ಹುಣಸೆಬೀಜದಷ್ಟು ದೊಡ್ಡ ತಗ್ಗೊಂದು ಸಿಕ್ಕಿತು. ಒದ್ದೆ ಅರಿವೆ ಇಟ್ಟು ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಉಗಿಗೆ ಕಟ್ಟಿಗೆ ಉಬ್ಬಿ ತಗ್ಗು ತುಂಬುತ್ತದೆಂದು ಆ ಗಡ್ಡದವನು ಹೇಳಿದ್ದ. ಇಸ್ತ್ರಿ ಕಾಯಿಸುತ್ತಿದ್ದೆ. ನನ್ನ ಕೆಲಸದಲ್ಲಿ ಎಂದೂ ಬಾಯಿ ಹಾಕದ ಅವ್ವ ಆವತ್ತು ಎದ್ದು ಬಂದು ವಾಯರು ಕಿತ್ತು, ಇಸ್ತ್ರಿ ಸುಟ್ಟು ಹೋಗುತ್ತದೆಂದು ಹೇಳಿ ಪೆಟ್ಟಿಗೆಯನ್ನು ಒಳಗೆ ಒಯ್ದಳು. ಇಸ್ತ್ರಿಯ ಮೇಲೆ ಅವಳಿಗೆ ಅಷ್ಟು ಪ್ರೀತಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಕಾಚಿನ ನೀರು ಹಚ್ಚಿದಾಗ ಹಿಡಿಗೆ ಬಂದ ಕೆಂಪು ನೋಡಬೇಕಿತ್ತು. ಸವಣೂರಿನ ವೀಳ್ಯದೆಲೆ ಹಾಕಿಕೊಂಡು ಹೊಸ ಅಳಿಯ ನಕ್ಕಂತಿತ್ತು. ಆ ಖುಷಿಯಲ್ಲಿ ನಾನು ಕೆಟ್ಟೆ. ನಾಲ್ಕು ಹನಿ ಅಂದರೆ ಏನು ಹತ್ತೀತು? ದೊಡ್ಡ ದನಕ್ಕೆ ದೊಡ್ಡ ಡೋಸು ಎನ್ನುವ ನೌಕರಿಯ ರೂಢಿಯಲ್ಲಿ ಸವಣೂರಿನಿಂದ ತಂದಿದ್ದ ಗಾಣದ ಎಣ್ಣೆಯನ್ನು ಧಾರಾಳವಾಗಿ ಸುರಿದು, ಹಿಡಿಯನ್ನು ಪಡಸಾಲೆಯ ಗೂಟಕ್ಕೆ ತೂಗುಹಾಕಿಬಿಟ್ಟೆ. ಹತ್ತಿ ಬಿಡಿಸಿ ತಂದು ಅದೇ ಪಡಸಾಲೆಯಲ್ಲಿ ರಾಶಿ ಹಾಕುವ ಕಾಲ ಅದು. ನಾಲ್ಕು ದಿನವಾದರೂ ಎಣ್ಣೆ ಒಣಗಲಿಲ್ಲ. ಐದನೆಯ ದಿನ ನೋಡಿದರೆ ಹತ್ತಿಯ ಎಳೆಯೆಲ್ಲ ಹಾರಿ ಬಂದು ಅಂಟಿ ನಮ್ಮ ಬಂದೂಕಿಗೆ ಬಿಳಿ ಗಡ್ಡ ಬಂದಿತ್ತು. ಮಗ ಅದನ್ನು ನೋಡಿ ನಗುವುದಕ್ಕೆ ಹೊಲಕ್ಕೇ ಹೋದ. ನನಗೆ ಸಿಟ್ಟು ನೆತ್ತಿಗೇರಿತು. ದಪ್ಪ ಉಸುಕುಕಾಗದ ತಗೊಂಡು ಮತ್ತೆ ತಿಕ್ಕಲು ಕೂತೆ. ಸಿಟ್ಟಿನ ಕೈಗೆ ಬೆರಳಗಲ ಜಾಗ ಬಿಡುವ ನೆನಪಿರುವುದಿಲ್ಲ. ಒರೆಸಿ ನೋಡಿದಾಗ ಹಿಡಿ ಹಸುಗೂಸಿನ ಕೆನ್ನೆಯಂತೆ ನುಣುಪಾಗಿತ್ತು. ಹದಿನಾಲ್ಕು ಇರಲಿಲ್ಲ.

ಅದರ ಮೇಲೆ ಇನ್ನೊಂದು, ಮೂರೇ ದಿನಕ್ಕೆ ಠಾಣೆಯಿಂದ ಫೋನು ಬಂತು. ಚುನಾವಣೆ ಬಂದಿದೆ, ಲೈಸೆನ್ಸುದಾರರೆಲ್ಲ ಈ ವಾರದೊಳಗೆ ಬಂದೂಕು ತಂದು ಜಮಾ ಮಾಡಬೇಕು. ಪ್ರತಿ ಚುನಾವಣೆಗೂ ಇದು ಇದ್ದದ್ದೇ, ಅಲ್ಲಿ ಯಾವ ನಂಬರು ನೋಡುತ್ತಾರೆಂದು ನಾನು ಎಂದೂ ಗಮನಿಸಿರಲಿಲ್ಲ. ಆದರೆ ನಂಬರು ತಿಕ್ಕಿ ತೆಗೆದ ಬಂದೂಕನ್ನು ಜಮಾ ಮಾಡಿದವರನ್ನು ನಾನು ಕೇಳಿರಲಿಲ್ಲ. ಬಂದೂಕಿನ ನಂಬರು ಅಳಿಸುವುದು ದೊಡ್ಡ ಗುನ್ನೆ ಎಂದು ಎಲ್ಲೋ ಓದಿದ್ದು ಮಾತ್ರ ಚೆನ್ನಾಗಿ ನೆನಪಿತ್ತು. ಲೈಸೆನ್ಸು ಹೋಯಿತು, ಬಂದೂಕು ಹೋಯಿತು, ಅಪ್ಪ ಹತ್ತು ಸಲ ಹೇಳಿದ ಒಂದೇ ಮಾತನ್ನು ನಾನು ಮಣ್ಣುಪಾಲು ಮಾಡಿದೆ ಎಂದು ಎರಡು ದಿನ ಊಟ ರುಚಿಸಲಿಲ್ಲ. ಮೊಳೆ ತಗೊಂಡು ನಾನೇ ೧೪ ಬರೆದರೆ ಹೇಗೆ ಎಂದು ಒಂದು ಹಲಗೆಯ ಚೂರಿನ ಮೇಲೆ ಬರೆದೂ ನೋಡಿದೆ. ಔಷಧದ ಚೀಟಿ ಬರೆದ ಕೈ ನನ್ನದು. ಅಪ್ಪನ ನಾಲ್ಕು ನನ್ನಿಂದ ಮೂಡಲಿಲ್ಲ.

ಮಾರನೆಯ ದಿನ ಮುಂಜಾನೆ ಹೊರಡುವಾಗ ಅವ್ವ ವಿಭೂತಿ ಹಿಡಿದು ಬಂದಳು. ಬಂದೂಕು ಮನೆ ಬಿಡುವಾಗ ಅವಳು ಹಾಗೇ ಕಳಿಸುವುದಿಲ್ಲ. ನಾನು ಹಿಡಿಗೆ ಸುತ್ತಿದ ಟವೆಲನ್ನು ಬಿಗಿಯಾಗಿ ಹಿಡಿದುಕೊಂಡು ನಳಿಗೆಯನ್ನಷ್ಟೇ ಮುಂದೆ ಮಾಡಿದೆ. ಅವಳು ಟವೆಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಕಬ್ಬಿಣಕ್ಕೇ ಮೂರು ಬೆರಳು ಎಳೆದು ಒಳಗೆ ಹೋದಳು.

ಠಾಣೆಯ ಅಂಗಳದ ಬೇವಿನ ಗಿಡದ ಕೆಳಗೆ ಸಾಲು ನಿಂತಿತ್ತು. ನನಗಿಂತ ಮುಂದೆ ಎಂಟು ಜನ. ಹಿಂದೆ ಹಿರೇಬೆಂಡಿಗೇರಿಯ ಫಕ್ಕೀರಪ್ಪಜ್ಜ, ಅಪ್ಪನ ಕಾಲದ ರೈತ. ಅವನ ಆಕಳಿಗೆ ನಾನು ಎಷ್ಟೋ ಸಲ ಔಷಧ ಕೊಟ್ಟಿದ್ದೇನೆ. ಅಜ್ಜ ಮಳೆ, ಹತ್ತಿ, ಸೊಸೆ ಎಂದು ಮಾತಾಡುತ್ತಲೇ ಇದ್ದ. ನಾನು ಹಿಡಿಯ ಟವೆಲನ್ನು ಮತ್ತೆ ಮತ್ತೆ ಬಿಗಿ ಮಾಡುತ್ತಿದ್ದೆ. ನನ್ನ ಪಾಳಿ ಬಂತು. ಬರೆದುಕೊಳ್ಳುತ್ತಿದ್ದ ರೈಟರ್ ನಳಿಗೆಯ ಬುಡದ ಮೇಲಿನ ಸಣ್ಣ ಅಕ್ಷರಗಳನ್ನು ಲೈಸೆನ್ಸಿನ ಜೊತೆ ಹೋಲಿಸಿ, ವಹಿಯಲ್ಲಿ ಬರೆದು, ಬಂದೂಕು ಒಳಗೆ ಇಡಲು ಎತ್ತಿದರು. ಕಟ್ಟಿಗೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಸುಮ್ಮನೆ ಬರಬೇಕಿತ್ತು ನೋಡಿ. ಆದರೆ ನನ್ನಂಥವನ ಹೊಟ್ಟೆಯಲ್ಲಿ ತಪ್ಪು ನಿಲ್ಲುವುದಿಲ್ಲ.

“ಸಾಹೇಬ್ರ, ಕಟ್ಟಿಗಿ ಮ್ಯಾಲಿನ ನಂಬರ ಹೋಗೇತ್ರಿ,” ಅಂದೆ. “ನಾನ ತಿಕ್ಕೇನ್ರಿ.”

ಯಾವ ನಂಬರು ಎಂದು ಅವರು ಕೇಳಿದರು. ಲೈಸೆನ್ಸಿನಲ್ಲಿ ಇರುವುದು ಕಬ್ಬಿಣದ ಮೇಲಿನ ನಂಬರು, ಅದು ಸರಿಯಾಗಿ ಕೂಡಿದೆ, ಕಟ್ಟಿಗೆಗೆ ನೀವು ಗುಲಾಬಿ ಬಣ್ಣ ಹಚ್ಚಿದರೂ ನಮ್ಮ ತಕರಾರಿಲ್ಲ ಎಂದು ಹೇಳಿ ರಸೀದಿ ಹರಿದು ಕೊಟ್ಟರು. ನಾನು ರಸೀದಿ ಹಿಡಿದು ಅಲ್ಲೇ ನಿಂತೆ. ಹಿಂದಿನಿಂದ ಫಕ್ಕೀರಪ್ಪಜ್ಜ ತನ್ನ ಬಂದೂಕನ್ನು ತಿರುಗಿಸಿ ತೋರಿಸಿದ. ಅದರ ಹಿಡಿಯ ಮೇಲೆ ಅದೇ ಜಾಗದಲ್ಲಿ, ಅದೇ ಕೈಬರಹದಲ್ಲಿ, ೧೫ ಎಂದಿತ್ತು.

“ಕಂಪೌಂಡರ್ರ, ಅದು ಸರಕಾರದ ನಂಬರಲ್ರಿ,” ಅಂದ ಅಜ್ಜ. “ನಿಮ್ಮಪ್ಪ ಇದ ಗಿಡದ ಬುಡಕ ಕುಂತು ಮೊಳಿಲೆ ಕೊರದದ್ದು. ಆವತ್ತ ಸಾಲಿನ್ಯಾಗ ಅವ ಹದಿನಾಲ್ಕನೇದಾಂವ, ನಾ ಹದಿನೈದನೇದಾಂವ.”

ನಡೆದದ್ದು ಇಷ್ಟು. ಅದಕ್ಕೂ ಹಿಂದಿನ ಒಂದು ಚುನಾವಣೆಯಲ್ಲಿ ಬಂದೂಕುಗಳಿಗೆ ಕಟ್ಟಿದ್ದ ಕಾಗದದ ಚೀಟಿ ಉದುರಿ, ಅಪ್ಪ ಫಕ್ಕೀರಪ್ಪನ ಬಂದೂಕನ್ನೂ ಫಕ್ಕೀರಪ್ಪ ಅಪ್ಪನ ಬಂದೂಕನ್ನೂ ಮನೆಗೆ ಒಯ್ದಿದ್ದರು. ಇಬ್ಬರಿಗೂ ತಿಂಗಳುಗಟ್ಟಲೆ ಗೊತ್ತಾಗಲಿಲ್ಲ. ಖಂಡೆಪೂಜೆಯ ದಿನ ಇದು ನಮ್ಮ ಬಂದೂಕಲ್ಲ ಎಂದು ಗುರುತು ಹಿಡಿದವಳು ನನ್ನ ಅವ್ವ. ಅದಲುಬದಲು ಮಾಡಿಕೊಂಡರು. ಮುಂದಿನ ಸಲ ಸಾಲಿನಲ್ಲಿ ನಿಂತಾಗ ಅಪ್ಪ ಮೊಳೆ ಹಿಡಿದು ಕೂತು, ತನ್ನದಕ್ಕೂ ಗೆಳೆಯನದಕ್ಕೂ ನಿಂತ ಸರದಿಯ ನಂಬರು ಕೊರೆದುಬಿಟ್ಟ. ನಂಬರು ಹೋದರೆ ಬಂದೂಕು ಹೋದಂತೆ ಎಂದು ಅವನು ಹೇಳಿದ್ದು ಇದಕ್ಕಾಗಿ. ಇಷ್ಟು ವರ್ಷ ನಾವು ಕುಂಕುಮ ತುಂಬಿದ್ದು ಅಪ್ಪನ ಪಾಳಿಯ ನಂಬರಿಗೆ.

ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬಸ್ ಸ್ಟ್ಯಾಂಡಿನಲ್ಲಿ ಎರಡು ಪ್ಲೇಟು ಮಿರ್ಚಿ ತಿಂದೆ, ಮನೆಯವರಿಗೆ ಬಾಯಾಡಿಸಲು ಸವಣೂರ ಖಾರ ಕಟ್ಟಿಸಿಕೊಂಡೆ. ಬಸ್ಸಿನಲ್ಲಿ ಪಕ್ಕದವರು ಕೇಳದಿದ್ದರೂ ಅವರಿಗೆ ಅಗಸಿ ಎಣ್ಣೆಯ ಗುಣ ವಿವರಿಸಿದೆ. ಮನೆಗೆ ಬಂದು ಅವ್ವನ ಮುಂದೆ ಎಲ್ಲ ಒಪ್ಪಿಕೊಂಡೆ. ಅವಳು ಖಾರದ ಪೊಟ್ಟಣ ಬಿಚ್ಚುತ್ತ ಎಲ್ಲ ಕೇಳಿಸಿಕೊಂಡಳು. ನಂಬರು ಹೋದದ್ದು ಅವಳಿಗೆ ಟವೆಲು ನೋಡಿದಾಗಲೇ ತಿಳಿದಿತ್ತಂತೆ. ಈ ಕತೆಯನ್ನು ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

“ತಮ್ಮ ಬಂದೂಕ ತಮಗ ಗುರ್ತ ಹತ್ತಲಿಲ್ಲ ಅಂತ ನಿಮ್ಮಪ್ಪಾರಿಗೆ ನಾಚಿಕಿ ಆಗಿತ್ತು,” ಅಂದಳು. “ಮಕ್ಕಳಿಗೆ ಹೇಳಬ್ಯಾಡ ಅಂದಿದ್ರು. ಹೇಳಲಿಲ್ಲ.”

ಹಾಗಾದರೆ ನೀನು ಹೇಗೆ ಗುರುತು ಹಿಡಿದೆ ಎಂದೆ. ಅವ್ವ ಖಾರ ಅಗಿಯುತ್ತಲೇ ಹೇಳಿದಳು. ಮದುವೆಯಾದ ಹೊಸದರಲ್ಲಿ ಅಟ್ಟದ ಮೇಲಿನಿಂದ ಬಂದೂಕು ಇಳಿಸುವಾಗ ಅವಳ ಕೈ ಜಾರಿ ಅದು ಒರಳಿನ ಮೇಲೆ ಬಿದ್ದಿತ್ತು. ಹಿಡಿಯ ಅಡಿಯ ತಗ್ಗು ಅದೇ. ಯಾರಿಗೂ ಹೇಳಿರಲಿಲ್ಲ, ಅಪ್ಪ ಒಂದು ದಿನವೂ ಅದನ್ನು ನೋಡಲಿಲ್ಲ. ಪ್ರತಿ ವರ್ಷ ಕುಂಕುಮ ಹಚ್ಚುವಾಗ ಅವಳ ಬೆರಳು ಮೊದಲು ಹೋಗುತ್ತಿದ್ದದ್ದು ಆ ತಗ್ಗಿಗೆ. ಇಸ್ತ್ರಿ ಪೆಟ್ಟಿಗೆಯ ಮೇಲೆ ಅವಳಿಗೆ ಅಷ್ಟು ಪ್ರೀತಿ ಬಂದದ್ದು ಯಾಕೆಂದು ನನಗೆ ಆಗ ತಿಳಿಯಿತು.

ಚುನಾವಣೆ ಮುಗಿದು ಬಂದೂಕು ಮನೆಗೆ ಬಂತು. ಮೌನೇಶ ಹೇಳಿದ ಹಾಗೆಯೇ ಮತ್ತೆ ಕಾಚು ಕೊಟ್ಟು, ದಿನಕ್ಕೆ ನಾಲ್ಕೇ ಹನಿ ಎಣ್ಣೆ, ಇಪ್ಪತ್ತೆರಡು ದಿನ ಅಂಗೈಯಿಂದ ಉಣಿಸಿದೆ. ಮುಖ ಕಾಣುವಷ್ಟು ಹೊಳಪು ಬಂದಿತು. ಈ ಸಲ ಖಂಡೆಪೂಜೆಯಲ್ಲಿ ಅವ್ವ ಚಿಟಿಕೆ ಕುಂಕುಮ ಹಿಡಿದು ಆ ನುಣುಪಿನ ಮೇಲೆ ಬೆರಳಾಡಿಸಿದಳು. ಕುಂಕುಮ ನಿಲ್ಲಲು ಜಾಗವಿರಲಿಲ್ಲ. ಅವಳು ಎದ್ದು ಹೋಗಿ ಒಂದು ಮೊಳೆ ತಂದು ನನ್ನ ಕೈಗೆ ಕೊಟ್ಟಳು. ಹದಿನಾಲ್ಕು ಬರೆಯಲೇ ಎಂದು ಕೇಳಿದೆ. ಅದು ಅವರದು, ನೀನು ಎಷ್ಟನೆಯವನು ನಿಂತಿದ್ದೆ ಎಂದಳು. ಒಂಬತ್ತು ಎಂದೆ.

ಇಪ್ಪತ್ತೆರಡು ದಿನದ ಪಾಲಿಶ್ ಮೇಲೆ ಮೊಳೆ ಊರುವಾಗ ಜೀವ ಚುರ್ರೆಂದಿತು. ಹೊಳಪಿಗೆ ನೋವಾಗದಂತೆ ಮೆಲ್ಲಗೆ, ಕೂದಲೆಳೆಯಷ್ಟು ತೆಳ್ಳಗೆ ಗೀರತೊಡಗಿದೆ. ಬಾಗಿಲಲ್ಲಿ ಮಗ ಟ್ರ್ಯಾಕ್ಟರ್ ತೊಳೆದ ಒದ್ದೆ ಅರಿವೆ ಹಿಡಿದು ನಿಂತು ನೋಡುತ್ತಿದ್ದ. ಅವ್ವ ಅವನನ್ನೊಮ್ಮೆ ನೋಡಿ ನನ್ನ ಕಡೆ ಬಾಗಿದಳು.

“ಆಳಕ್ಕ ಕೊರಿ, ತಮ್ಮಾ,” ಅಂದಳು. “ನಿನ್ನ ಮಗಾನೂ ತಿಕ್ಕಾಂವನ ಅದಾನ.”