ನಾಲ್ಕನೆಯದು ‘ಬಂದೆ’ ಎಂದಿತು

ಹನೂರಿನ ಬಸ್ಸು ತಪ್ಪಬಹುದಿತ್ತು. ಸಿಕ್ಕರೂ ಅಲ್ಲಿಂದ ಹೂಗ್ಯಂಗೆ ಹೋಗುವ ಬಸ್ಸು ದಾರಿಯಲ್ಲಿ ಕೆಡಬಹುದಿತ್ತು. ಕೇಬಲ್ಲು ಕೊಳ್ಳೇಗಾಲದ ಮನೆಯ ಮೇಜಿನ ಮೇಲೇ ಉಳಿಯಬಹುದಿತ್ತು, ಲ್ಯಾಪ್‌ಟಾಪಿನ ಚಾರ್ಜು ಮುಗಿಯಬಹುದಿತ್ತು, ಮಳೆ ಹುಯ್ಯಬಹುದಿತ್ತು. ನನ್ನ ತೂಕಕ್ಕೆ ಹೊಲದ ಕಾವಲಿನ ಅಟ್ಟಣೆ ಮುರಿಯಬಹುದಿತ್ತು. ಹನೂರಿನಲ್ಲಿ ತಿಂದ ಬೋಂಡ ಹೊಟ್ಟೆಯೊಳಗೆ ದಂಗೆ ಏಳಬಹುದಿತ್ತು. ಆನೆ ತುಳಿಯಬಹುದಿತ್ತು, ಇದನ್ನು ಮಾತ್ರ ನಾನು ಎರಡು ಸಲ ಯೋಚಿಸಿಟ್ಟುಕೊಂಡಿದ್ದೆ. ಚಿಂತೆ ಮಾಡುವುದಕ್ಕೆ ಸಂಬಳವಿದ್ದಿದ್ದರೆ ನಾನು ಇಷ್ಟು ಹೊತ್ತಿಗೆ ನಿವೃತ್ತನಾಗಬಹುದಿತ್ತು ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಇಷ್ಟೆಲ್ಲದರಲ್ಲಿ ವಿವರಿಸಲಾಗದ್ದೊಂದು ನಡೆಯಬಹುದು ಎಂಬ ಚಿಂತೆ ಮಾತ್ರ ಇರಲಿಲ್ಲ. ಏಕೆಂದರೆ ಅಂಥದ್ದನ್ನು ನಾನು ನಂಬುತ್ತಿರಲಿಲ್ಲ. ಯಳಂದೂರಿನ ನಮ್ಮ ಭಾವ ದೆವ್ವದ ಸಂಗತಿ ಹೇಳಿದಾಗಲೆಲ್ಲ “ಇನ್ನೊಂದು ಸಲ ಮಾಡಿ ತೋರ್ಸಿ ಭಾವ, ಒಪ್ಕೋತೀನಿ” ಎಂದು ನಗುತ್ತಿದ್ದೆ. ಅದಕ್ಕೆ ಈಗ ಅನುಭವಿಸುತ್ತಿದ್ದೇನೆ.

ನನ್ನ ಕೆಲಸ ಕರ್ನೆಲ್ ರಿಪೇರಿ. ಕರ್ನೆಲ್ ಎಂದರೆ ಕಂಪ್ಯೂಟರಿನ ಒಳಗೆ ಕೂತು ಯಾರಿಗೆ ಯಾವ ಕೆಲಸ ಎಂದು ಹಂಚುವ ಯಜಮಾನ. ಹೂಗ್ಯಂ ಊರಿನ ಅಂಚಿನಲ್ಲಿ ಮಾದಮ್ಮ ಎಂಬುವರ ಜೋಳದ ಹೊಲಕ್ಕೆ ನಮ್ಮ ಕಂಪನಿಯವರು ಒಂದು ಡಬ್ಬಿ ಕಟ್ಟಿದ್ದರು. ಅದು ಕಾಡಿನ ಸದ್ದು ಕೇಳಿಸಿಕೊಂಡು, ಆನೆಯ ಸುಳಿವು ಸಿಕ್ಕರೆ ಸೈರನ್ ಕೂಗಬೇಕು. ಅದರೊಳಗೆ ಯಜಮಾನನ ಕೈಕೆಳಗೆ ದುಡಿಯುವ ನಾಲ್ಕು ಪ್ರೊಸೆಸರ್. ಬ್ಯಾಟರಿ ಉಳಿಸಲು ಹೊತ್ತು ಮುಳುಗುತ್ತಲೇ ಮೂವರನ್ನು ಮಲಗಿಸಿ, ಒಬ್ಬನನ್ನು ಕಾವಲಿಗಿಟ್ಟು, ಸದ್ದಾದಾಗ ಉಳಿದವರನ್ನು ಎಬ್ಬಿಸುವ ಏರ್ಪಾಡು. ಯಂತ್ರ ಓಡುತ್ತಿರುವಾಗಲೇ ಹೀಗೆ ಕಳಿಸುವುದು, ಕರೆಯುವುದು ನಾಜೂಕಿನ ಕೆಲಸ. ಈ ಡಬ್ಬಿಯಲ್ಲಂತೂ ಎಬ್ಬಿಸಿದ ಕೂಡಲೇ ಯಜಮಾನನೇ ಮೂರ್ಛೆ ಬೀಳುತ್ತಿದ್ದ. ಕೊಳ್ಳೇಗಾಲದ ನನ್ನ ಮೇಜಿನ ಮೇಲಿದ್ದ ಇಂಥದೇ ಡಬ್ಬಿಯಲ್ಲಿ ಒಮ್ಮೆಯೂ ಬೀಳಲಿಲ್ಲ. ಅದಕ್ಕೇ ಈ ಪ್ರಯಾಣ.

ಜೋಳ ಹಾಲುಗಟ್ಟಿತ್ತು. ಮಾದಮ್ಮನವರಿಗೆ ಮಂಡಿನೋವು, ಅಟ್ಟಣೆಯ ಏಣಿ ಹತ್ತುವುದೇ ಕಷ್ಟ. ಡಬ್ಬಿ ಏಳದಿದ್ದರೆ ಕೊಯ್ಲಿನವರೆಗೂ ಅವರೂ ಅವರ ನಾದಿನಿ ಚಿಕ್ಕತಾಯಿಯೂ ಸರದಿಯಲ್ಲಿ ಕಾವಲು ಕೂರಬೇಕು.

“ಏನ್ ಸಾ, ನಿಮ್ ಡಬ್ಬಿ ಇವತ್ತಾರ ಎದ್ ಕುಂತ್ಕತ್ತದಾ?” ಎಂದರು ಮಾದಮ್ಮ. “ಇಲ್ದಿದ್ರೆ ಒಳಗಿರದೆಲ್ಲ ತಕಂಡೋಗಿ, ಡಬ್ಬಿ ಮಾತ್ರ ಬುಟ್ಟೋಗಿ. ಉಳ್ಳಿಕಾಳು ತುಂಬ್ಕತೀನಿ.”

ಮಧ್ಯಾಹ್ನವಿಡೀ ಅಟ್ಟಣೆಯ ಮೇಲೆ ಕೂತು ಹುಡುಕಿದೆ. ಸಿಗಲಿಲ್ಲ. ಇಳಿಹೊತ್ತಿಗೆ ಕಾವಲು ಬದಲಾಗುವುದನ್ನು ನೋಡಿದೆ. ಮಾದಮ್ಮ ಏಣಿಯ ಬುಡದಲ್ಲಿ ನಿಂತು “ಬಂದೆ” ಎಂದರು. ಮೇಲಿದ್ದ ಚಿಕ್ಕತಾಯಿ “ಸರಿ ಕಣಕ್ಕ, ಇಳೀತೀನಿ” ಎಂದ ಮೇಲೆಯೇ ಕಾಲು ಕೆಳಗಿಟ್ಟರು. ಒಬ್ಬರಿಗೊಬ್ಬರು ಕಾಣುತ್ತಲೇ ಇದ್ದರು, ಆದರೂ ಕೂಗಿ ಹೇಳಿದರು. ಏಕೆಂದು ಕೇಳಿದೆ.

“ಅಂಗೇ ಸಾ. ಬಂದೋರು ಬಂದೆ ಅನ್ಬೇಕು, ಇದ್ದೋರು ಸರಿ ಅನ್ಬೇಕು. ಅಲ್ಲೀಗಂಟ ಯಾರೂ ಕದ್ಲಂಗಿಲ್ಲ,” ಎಂದರು ಚಿಕ್ಕತಾಯಿ, ಇದೂ ಗೊತ್ತಿಲ್ಲವೇ ಎಂಬಂತೆ. ಅವರು ಮನೆಗೆ ಹೊರಟರು, ಮಾದಮ್ಮ ಏಣಿ ಹತ್ತಿ ನನ್ನ ಪಕ್ಕ ಕೂತರು.

ಯಜಮಾನನಿಗೆ ನಾನು ಬರೆದ ಕೋಡಿನಲ್ಲಿ ಹೀಗಿರಲಿಲ್ಲ. ಮಲಗಲು ಹೋಗುವ ಪ್ರೊಸೆಸರ್ ತನ್ನ ಕೈಯಲ್ಲಿದ್ದ ಕೆಲಸವನ್ನು ಇನ್ನೊಬ್ಬರು ಹಿಡಿದುಕೊಂಡರೋ ಇಲ್ಲವೋ ನೋಡದೆ ಹೊರಟುಬಿಡುತ್ತಿತ್ತು. ಮತ್ತೆ ಎಬ್ಬಿಸಿದಾಗ ಆ ಕೆಲಸ ಯಾರ ಕೈಯಲ್ಲೂ ಸಿಗದೆ ಯಜಮಾನ ಬೀಳುತ್ತಿದ್ದ. ಆ ಸಾಲುಗಳನ್ನು ತಿದ್ದಿದೆ. ಹುರುಪಿನಲ್ಲಿ, ಎದ್ದು ಬಂದ ಪ್ರತಿ ಪ್ರೊಸೆಸರೂ ತನ್ನ ಸಂಖ್ಯೆ ಹೇಳಿ ‘ಬಂದೆ’ ಎಂದು ಪರದೆಯ ಮೇಲೆ ಬರೆಯುವಂತೆಯೂ ಮಾಡಿದೆ.

ನನಗೆ ನಾಲ್ಕನೆಯ ಪ್ರೊಸೆಸರಿನ ಮೇಲೆ ಮೊದಲಿನಿಂದಲೂ ಅನುಮಾನ. ಮೊದಲು ಮೂರರಲ್ಲಿ ನೋಡೋಣ ಎಂದು ಡಬ್ಬಿಯನ್ನು ಪೂರಾ ಆರಿಸಿ, ನಾಲ್ಕನೆಯದನ್ನು ಹೊರಗಿಟ್ಟೇ ಮತ್ತೆ ಶುರು ಮಾಡಿದೆ. ಅಂಥದ್ದೊಂದು ಇದೆ ಎಂದು ಯಜಮಾನನಿಗೆ ಹೇಳಲೇ ಇಲ್ಲ. ಸೈರನ್ ಕೂಗುವುದು ಆ ನಾಲ್ಕನೆಯದರ ಪಾಲಿನ ಕೆಲಸ. ಆದ್ದರಿಂದ ಸೈರನ್ ಪರೀಕ್ಷೆ ನಾಳೆಗೆ ಎಂದು ಮಾದಮ್ಮನವರಿಗೆ ಮೊದಲೇ ತಿಳಿಸಿದೆ. “ಸರಿ ಬುಡಿ, ತಗಡಿನ ಡಬ್ಬ ಅದೆ, ಬಡೀತೀನಿ,” ಎಂದರು.

ಹೊತ್ತು ಮುಳುಗಿದರೂ ಇನ್ನೂ ಬೆಳಕಿತ್ತು. ಕಾಡಿನ ಅಂಚಿನಲ್ಲಿ ಬಿದಿರು ಲಟಲಟ ಎಂದಿತು. ಮಾದಮ್ಮ ನನ್ನ ತೋಳು ಹಿಡಿದರು. ಬೇಲಿಯಾಚೆ ಒಂದು ಒಂಟಿ ಸಲಗ, ನಮ್ಮ ಕಡೆಗೆ ಮುಖ ಮಾಡಿ ನಿಂತಿತ್ತು. ತಗಡಿನ ಡಬ್ಬವೋ ಏಣಿಯ ಬುಡದಲ್ಲೇ ಉಳಿದಿತ್ತು. ಇಳಿಯುವವರು ಯಾರು? ಅವರ ಮಂಡಿ ಒಪ್ಪುವುದಿಲ್ಲ. ನನ್ನಲ್ಲಿ ಯಾವ ಅಂಗವೂ ಒಪ್ಪಲಿಲ್ಲ.

ಪರದೆ ನೋಡಿದೆ. ಕಾವಲಿಗಿದ್ದ ಒಂದನೆಯದು ಸದ್ದು ಕೇಳಿಸಿಕೊಂಡಿತ್ತು. ‘ಎರಡು, ಬಂದೆ’ ಎಂದು ಮೂಡಿತು. ‘ಮೂರು, ಬಂದೆ.’ ಯಜಮಾನ ಬೀಳಲಿಲ್ಲ. ನಾನು ಆನೆಯನ್ನು ಮರೆತು ಹಲ್ಲು ಕಿರಿಯುವಷ್ಟರಲ್ಲಿ ಇನ್ನೊಂದು ಸಾಲು ಬಂತು.

‘ನಾಲ್ಕು, ಬಂದೆ.’

ಒಡನೆಯೇ ನೆತ್ತಿಯ ಮೇಲೆ ಸೈರನ್ ಬೊಬ್ಬೆ ಹೊಡೆಯಿತು. ಸಲಗ ಕಿವಿ ಅಗಲಿಸಿತು, ಯೋಚಿಸಿತು, ಬೆನ್ನು ತಿರುಗಿಸಿ ಬಿದಿರಿನೊಳಗೆ ಕರಗಿತು. ನಾನು ಕೂಡಲೇ ಎಷ್ಟು ಪ್ರೊಸೆಸರ್ ಎದ್ದಿವೆ ಎಂದು ಕೇಳಿದೆ. ಮೂರು ಎಂದಿತು ಯಂತ್ರ.

ಜೋಳ ಉಳಿಯಿತು. ಮರುದಿನ ನಾಲ್ಕನೆಯದನ್ನೂ ಸೇರಿಸಿದೆ. ಡಬ್ಬಿ ಆಮೇಲೆ ಬಿದ್ದಿಲ್ಲ, ಮಾದಮ್ಮ ಉಳ್ಳಿಕಾಳಿಗೆ ಬೇರೆ ಡಬ್ಬಿ ನೋಡಿಕೊಂಡಿದ್ದಾರೆ. ಆದರೆ ಮೂರರಲ್ಲೇ ಶುರು ಮಾಡಿ ಆ ಪರೀಕ್ಷೆಯನ್ನು ಅಲ್ಲಿಯೂ ಮನೆಯಲ್ಲಿಯೂ ಎಷ್ಟೋ ಸಲ ಮಾಡಿದ್ದೇನೆ. ಎರಡು, ಮೂರು ಮಾತ್ರ ‘ಬಂದೆ’ ಎನ್ನುತ್ತವೆ, ಸೈರನ್ ಮೂಕ. ಹಳೆಯ ಸಂದೇಶ ಒಳಗೆಲ್ಲೋ ಉಳಿದಿತ್ತು ಎನ್ನೋಣವೆಂದರೆ ‘ಬಂದೆ’ ಎಂಬ ಮಾತನ್ನು ನಾನು ಬರೆದದ್ದೇ ಆ ಸಂಜೆ. ಸಹೋದ್ಯೋಗಿಗಳು “ಬಿಸಿಲು ತಲೆಗೇರಿತ್ತು ಸರ್” ಎನ್ನುತ್ತಾರೆ. ಯಳಂದೂರಿನ ಭಾವನಿಗಂತೂ ಹಬ್ಬ: “ಎಲ್ಲಿ, ಇನ್ನೊಂದು ಸಲ ಮಾಡಿ ತೋರ್ಸಪ್ಪ!”

ಆ ಸಂಜೆ ಅಟ್ಟಣೆಯ ಮೇಲೆಯೇ ಮಾದಮ್ಮನವರಿಗೆ ಎಲ್ಲ ಹೇಳಿದ್ದೆ. ಯಾರದು, ಹೇಗೆ ಎಂದು ಅವರು ಕೇಳಲೇ ಇಲ್ಲ. “ಅದು ಬಂದೆ ಅಂದಾಗ ನೀವೇನಂದ್ರಿ ಸಾ?” ಎಂದರು.

“ಏನೂ ಅನ್ನಲಿಲ್ಲ.”

“ಅಯ್ಯೋ, ಬಂದು ಕೆಲ್ಸ ಮಾಡ್ಕೊಟ್ಟದೆ. ಸರಿ ಅನ್ನಬ್ಯಾಡ್ವಾ? ಇನ್ನೂ ಅಲ್ಲೇ ನಿಂತಿರ್ತದೆ, ಪಾಪ.”

ಬಸ್ಸು ಸಿಕ್ಕಿತ್ತು, ಕೇಬಲ್ಲು ಚೀಲದಲ್ಲಿತ್ತು, ಅಟ್ಟಣೆ ತಡೆದಿತ್ತು, ಬೋಂಡ ಕೂಡ ಮರ್ಯಾದೆಯಿಂದ ನಡೆದುಕೊಂಡಿತ್ತು. ಅಷ್ಟು ಚಿಂತೆಗಳಲ್ಲಿ ಒಂದೂ ನಿಜವಾಗಲಿಲ್ಲ. ತಪ್ಪಿದ್ದು ಒಂದೇ ಒಂದು: ‘ಬಂದೆ’ ಎಂದವರಿಗೆ ನಾನು ‘ಸರಿ’ ಎನ್ನಲಿಲ್ಲ.