ಎರಡು ದಿನಕ್ಕೆ ನಾಲ್ಕು ಎರಿ

ನಿನ್ನ ಮೊದಲ ಜೇನು ತಾನಾಗಿ ಬಂದು ಕೂತದ್ದಲ್ಲ, ಸುಮಾ. ನಾನು ತಂದು ಕೂರಿಸಿದ್ದು. ಇಪ್ಪತ್ತೆರಡು ವರ್ಷ ಈ ಸಂಗತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೂರು ಹೊತ್ತೂ ಸುಖವಾಗಿ ಉಂಡಿದ್ದೇನೆ — ಅದನ್ನೂ ಒಪ್ಪಿಕೊಳ್ಳಬೇಕು.

ಆಗ ನಿನಗೆ ಹನ್ನೊಂದು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದು ಗೋಡೆಗೆ ಅಂಟಿಸಿದ್ದೆ ನೀನು: ‘ಈ ವರ್ಷ ನಾನೇ ಒಂದು ಜೇನು ಹಿಡಿಯುತ್ತೇನೆ. ಯಾರೂ ಸಹಾಯ ಮಾಡಕೂಡದು.’ ‘ಯಾರೂ’ ಎಂಬುದರ ಕೆಳಗೆ ಎರಡು ಗೆರೆ. ಮನೆಯಲ್ಲಿದ್ದವರು ನಿನ್ನಮ್ಮ ಮತ್ತು ನಾನು. ನಿನ್ನಮ್ಮನಿಗೋ ಹುಳ ಕಂಡರೆ ಭಯ. ಗೆರೆ ಯಾರಿಗೆಂದು ತಿಳಿಯದಷ್ಟು ದಡ್ಡನಲ್ಲ ನಾನು.

ಖಾಲಿ ಪೆಟ್ಟಿಗೆಗೆ ಹಳೆಯ ಮೇಣ ಉಜ್ಜಿ, ಮೇಗುಂದದ ನಮ್ಮ ಹಿತ್ತಿಲ ನೇರಳೆ ಮರದ ಕವಲಿನಲ್ಲಿಟ್ಟು ಕಾದೆ ನೀನು. ಹೊಸ ಮನೆ ಹುಡುಕುವ ಹುಳಗಳು ಆ ವಾಸನೆಗೆ ಬರಬೇಕು. ದಿನಾ ಶಾಲೆಯ ಚೀಲ ಇಳಿಸದೆ ಅಲ್ಲಿಗೆ ಓಟ. ಇಪ್ಪತ್ತನೆಯ ದಿನಕ್ಕೆ ಆ ಓಟ ನಡಿಗೆಯಾಯಿತು. ಆ ನಡಿಗೆಯನ್ನು ನೋಡಲಿಕ್ಕೆ ನನಗೆ — ತಾಳ್ಮೆ ಕೆಟ್ಟದ್ದು ನಿನಗಲ್ಲ, ನನಗೆ.

ನೀನು ಕೊಪ್ಪದ ಅತ್ತೆಮನೆಗೆ ಹೋದ ಎರಡು ದಿನದಲ್ಲಿ ನೆಮ್ಮಾರಿನ ಸ್ನೇಹಿತನಿಂದ ಹುಳ ತುಂಬಿದ ಪೆಟ್ಟಿಗೆ ತಂದೆ. ಪೆಟ್ಟಿಗೆಗೆ ಪಂಚೆ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ.

“ಎಂತ ಮಾರಾಯ್ರೆ ಅದು, ಗುಂಯ್ ಅಂತದೆ?” ಎಂದ ಕಂಡಕ್ಟರ್.

“ರೇಡಿಯೋ. ಸ್ಟೇಷನ್ ಸಿಗ್ತಿಲ್ಲ.”

ಪುಣ್ಯಾತ್ಮ, ಇಳಿಯುವವರೆಗೂ ನನ್ನ ಪಕ್ಕದಲ್ಲಿ ಯಾರನ್ನೂ ಕೂರಿಸಲಿಲ್ಲ.

ನೀನು ಬಂದು ಮುಚ್ಚಳ ಎತ್ತಿದೆ. “ಅಪ್ಪಾ, ಎರಡೇ ದಿನಕ್ಕೆ ನಾಲ್ಕು ಎರಿ ಕಟ್ಟಿದಾವೆ ನೋಡು.”

ಹೊಸ ಹುಳ ಎರಡು ದಿನಕ್ಕೆ ಅಂಗೈಯಗಲದ ಒಂದು ಮೇಣದ ತಟ್ಟಿ ಕಟ್ಟಿದರೆ ದೊಡ್ಡದು. ನಾನು ಸ್ನೇಹಿತನ ಎರಿಗಳನ್ನು ಇದ್ದ ಹಾಗೆಯೇ ನಿನ್ನ ಪೆಟ್ಟಿಗೆಗೆ ಇಳಿಸಿಬಿಟ್ಟಿದ್ದೆ. ಕಳ್ಳತನದಲ್ಲೂ ಸೋಮಾರಿ.

“ನಿನ್ನ ಹುಳ ಚುರುಕು ಕೂಸೇ,” ಎಂದೆ.

ಇಷ್ಟೇ ಆಗಿದ್ದರೆ ಹೇಗೋ... ನಾನು ಹುಳ ತಂದ ನಾಲ್ಕನೆಯ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಿಲಿಗೆ ಬಂದರೆ, ಮನೆ ನೋಡಲು ಬಂದ ಕಾಡುಹುಳಗಳು ನಿನ್ನ ಪೆಟ್ಟಿಗೆಯ ಬಾಗಿಲು ಸುತ್ತುತ್ತಿದ್ದವು. ಒಳಗಿದ್ದವು ಅಟ್ಟಿದವು. ಮಧ್ಯಾಹ್ನ ಇಡೀ ಹಿಂಡು ಬಂದು ಬೇಲಿಯಾಚೆಯ ಹಲಸಿನ ಪೊಟರೆ ಸೇರಿತು. ಅವು ನಿನ್ನವು, ಸುಮಾ. ನಿನ್ನ ಮೇಣಕ್ಕೆ ಬಂದವು. ನಾಲ್ಕು ದಿನ ನಾನು ಸುಮ್ಮನಿದ್ದಿದ್ದರೆ — ನಾನು ಲೋಟ ತೊಳೆದಿಟ್ಟು ಸುಮ್ಮನಾದೆ. ಸುಮ್ಮನಿರಬೇಕಾದದ್ದು ಮೊದಲು, ಇದ್ದದ್ದು ಆಮೇಲೆ.

ಇವತ್ತು ನಿನ್ನ ಮಗಳು ನರಸಿಂಹರಾಜಪುರದಿಂದ ಫೋನ್ ಮಾಡಿದ್ದಳು. ಅವಳೂ ಗೋಡೆಗೆ ಚೀಟಿ ಅಂಟಿಸಿದ್ದಾಳಂತೆ, ಪೆಟ್ಟಿಗೆ ಇಟ್ಟಿದ್ದಾಳಂತೆ.

“ಅಜ್ಜ, ಅಮ್ಮಂಗೆ ಎರಡೇ ದಿನಕ್ಕೆ ನಾಲ್ಕು ಎರಿ ಆಗಿತ್ತಂತೆ. ನಂಗೆ ತಿಂಗಳಾಯ್ತು, ಒಂದು ಹುಳ ಇಲ್ಲ. ನಂಗೆ ಬರಲ್ಲ ಬಿಡು. ಇಳಿಸ್ತೀನಿ.”

ಅವಳು ಸೋಲುತ್ತಿರುವುದು ನಿನ್ನೆದುರಲ್ಲ, ನನ್ನ ಸುಳ್ಳಿನೆದುರು. ಭಾನುವಾರ ಬಂದು ಅವಳಿಗೆ ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ಪೆಟ್ಟಿಗೆ ಇಳಿಸದಂತೆ ನೋಡಿಕೋ. ನನ್ನ ಚೀಲದಲ್ಲಿ ಒಂದು ಪಂಚೆ ಇರುತ್ತದೆ. ಬಾಗಿಲಲ್ಲೇ ಅದನ್ನು ಕೊಡವಿ, ಹುಳ ಇಲ್ಲವೆಂದು ನೋಡಿ, ಆಮೇಲೆ ನನ್ನನ್ನು ಒಳಗೆ ಬಿಡು.